ದಿನಕ್ಕೊಂದೇ ಕೋಟೆ: ಜರ್ಮನಿಯ ಹಳ್ಳಿ ಕಡೆಯ ಪಾಳು ಕೋಟೆಗಳನ್ನು ನೋಡಲು ಹೊರಡುವವರಿಗೆ

ಜರ್ಮನಿಗೆ ಬಂದ ನಮ್ಮವರಲ್ಲಿ ಜಾಸ್ತಿ ಜನ ಮೊದಲು ನೋಡುವುದು ಬವೇರಿಯದ ಅರಮನೆ ನೋಯ್‌ಶ್ವಾನ್‌ಸ್ಟೈನ್. ಸಾಲಿನಲ್ಲಿ ಕಾದು, ಅರ್ಧ ಗಂಟೆ ಒಳಗೆ ಸುತ್ತಿ, ಸೇತುವೆ ಮೇಲೆ ನಿಂತು ಒಂದು ಫೋಟೋ ತೆಗೆದರೆ ಮುಗಿಯಿತು. ಚೆಂದದ ಕಟ್ಟಡ, ನಿಜ. ಆದರೆ ಅದರ ಕೆಲಸ ಶುರುವಾಗಿದ್ದೇ 1869ರಲ್ಲಿ. ಯುದ್ಧಕ್ಕೆ ಅಂತ ಕಟ್ಟಿದ್ದಲ್ಲ. ಅದನ್ನು ನೋಡಿ ಬಂದವರು "ಜರ್ಮನಿಯ ಕೋಟೆ ನೋಡಿ ಆಯ್ತು" ಅಂದಾಗ ನನಗೆ ಸಂಕಟವಾಗುತ್ತದೆ. ನಿಜವಾದ ಕೋಟೆಗಳು ಊರಾಚೆ ಗುಡ್ಡದ ಮೇಲೆ, ಕಾಡಿನ ನಡುವೆ ಇವೆ. ಎಷ್ಟೋ ಕಡೆ ಟಿಕೆಟ್ ಕೌಂಟರೇ ಇಲ್ಲ. ಸಾಲೂ ಇಲ್ಲ. ಗೋಡೆ, ಗಾಳಿ ಮತ್ತು ನೀವು, ಅಷ್ಟೇ.

ನಾನು ಇರುವುದು ಸ್ಟುಟ್‌ಗಾರ್ಟ್ ಹತ್ತಿರ. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಶ್ವೇಬಿಷೆ ಆಲ್ಬ್ ಬೆಟ್ಟಸಾಲಿನವು, ಸ್ವಲ್ಪ ರೈನ್ ಕಣಿವೆಯವು. ನೀವು ಬೇರೆ ರಾಜ್ಯದಲ್ಲಿದ್ದರೂ ಕ್ರಮ ಇದೇ.

ಮೊದಲು ಹೆಸರನ್ನು ಓದಿ

ನಕ್ಷೆಯಲ್ಲಿ ಐದಾರು ಪದಗಳು ಮತ್ತೆ ಮತ್ತೆ ಕಾಣುತ್ತವೆ. ಬುರ್ಗ್ ಅಂದರೆ ಕಾವಲಿಗೆ ಕಟ್ಟಿದ ಮಧ್ಯಕಾಲದ ಕೋಟೆ. ಶ್ಲೋಸ್ ಅಂದರೆ ಅರಮನೆ, ಇರುವುದಕ್ಕೂ ಮೆರೆಯುವುದಕ್ಕೂ ಕಟ್ಟಿದ್ದು. ಫೆಸ್ಟುಂಗ್ ಅಂದರೆ ಫಿರಂಗಿ ಬಂದ ಮೇಲಿನ ದಪ್ಪ ಗೋಡೆಯ ದುರ್ಗ. ಕ್ಲೋಸ್ಟರ್ ಅಂದರೆ ಮಠ. ರುಯಿನೆ ಅಂದರೆ ಪಾಳು. ಇವೆಲ್ಲ ಯಾವಾಗಲೂ ಲೆಕ್ಕದ ಪ್ರಕಾರ ಇರುವುದಿಲ್ಲ. ಬಾಡೆನ್-ಬಾಡೆನ್ ಮೇಲಿನ ಹೋಹೆನ್‌ಬಾಡೆನ್ ಪಾಳು ಕೋಟೆಯನ್ನು ಊರಿನವರು ಇವತ್ತಿಗೂ 'ಹಳೇ ಅರಮನೆ' ಅಂತಲೇ ಕರೆಯುತ್ತಾರೆ.

ಒಂದು ಪದವನ್ನು ಮಾತ್ರ ಚೆನ್ನಾಗಿ ನೆನಪಿಡಿ: ಬುರ್ಗ್‌ಸ್ಟಾಲ್. ಒಂದು ಕಾಲದಲ್ಲಿ ಕೋಟೆ ಇತ್ತು, ಈಗ ಏನೂ ಉಳಿದಿಲ್ಲ ಅಂತ ಅರ್ಥ. ಒಂದು ಗಂಟೆ ಏರಿ ಹೋದರೆ ಸಿಗುವುದು ಒಂದು ದಿಬ್ಬ, ಸುತ್ತ ಮುಚ್ಚಿಹೋದ ಕಂದಕ. ಕೋಟೆ ನೋಡಿ ಅಭ್ಯಾಸ ಆದವರಿಗೆ ಅದೂ ಖುಷಿ ಕೊಡುತ್ತದೆ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬೇಡ.

ಪಾಳು ಕೋಟೆ ಆರಿಸುವಾಗ ನಾನು ಮೂರು ವಿಷಯ ನೋಡುತ್ತೇನೆ. ರೈಲು ಅಥವಾ ಬಸ್ ನಿಲ್ದಾಣದಿಂದ ಒಂದೂವರೆ ಗಂಟೆಯೊಳಗೆ ನಡೆದು ಮುಟ್ಟಬಹುದಾ? ಕೆಳಗೆ ಒಂದು ಹಳೆಯ ಪೇಟೆ ಇದೆಯಾ? ಈಗ ರಿಪೇರಿ ಕೆಲಸಕ್ಕೆ ಮುಚ್ಚಿಲ್ಲ ತಾನೇ? ಮೂರನೆಯದನ್ನು ಹೊರಡುವ ಹಿಂದಿನ ದಿನ ಆ ಊರಿನ ಅಥವಾ ಕೋಟೆಯ ಅಧಿಕೃತ ಪುಟದಲ್ಲಿ ನೋಡಿ. ಹಳೆಯ ಗೋಡೆ ಮಳೆ, ಹಿಮಕ್ಕೆ ಸಡಿಲವಾಗುತ್ತಲೇ ಇರುತ್ತದೆ. ಹಾಗಾಗಿ ಒಂದೊಂದು ಕೋಟೆ ವರ್ಷಗಟ್ಟಲೆ ಬೇಲಿಯೊಳಗೆ ಇರುವುದುಂಟು.

ಯಾವಾಗ ಹೋಗಬೇಕು

ಟಿಕೆಟ್ ಇರುವ ಕೋಟೆಗಳಲ್ಲಿ ಬಹಳಷ್ಟು ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಚ್ಚಿರುತ್ತವೆ, ಇಲ್ಲವೇ ಕಡಿಮೆ ಹೊತ್ತು ತೆರೆದಿರುತ್ತವೆ. ಚಳಿಗಾಲದಲ್ಲಿ ಬಾವಲಿಗಳು ನೆಲಮಾಳಿಗೆಯಲ್ಲಿ ಮಲಗುತ್ತವೆ ಅಂತ ಕೆಲವು ಕಡೆ ಒಳಗೆ ಬಿಡುವುದಿಲ್ಲ. ಸೋಮವಾರ ಸಾಮಾನ್ಯವಾಗಿ ರಜೆ. ಬಯಲಲ್ಲಿ ಬಿದ್ದಿರುವ ಪಾಳು ಕೋಟೆಗಳಿಗೆ ಈ ಲೆಕ್ಕ ಇಲ್ಲ, ಹಗಲು ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೋಗಬಹುದು.

ನನ್ನ ಕೇಳಿದರೆ ಪಾಳು ಕೋಟೆಗೆ ಬೇಸಿಗೆ ಒಳ್ಳೆಯ ಕಾಲವಲ್ಲ. ಜುಲೈನಲ್ಲಿ ಬೀಚ್ ಮರಗಳ ಎಲೆ ದಟ್ಟವಾಗಿ ಗೋಡೆಯೇ ಕಾಣುವುದಿಲ್ಲ. ಏಪ್ರಿಲ್ ಮೊದಲ ವಾರಗಳು, ಇಲ್ಲವೇ ಎಲೆ ಉದುರುವ ಅಕ್ಟೋಬರ್ ಕೊನೆ ನನಗೆ ಇಷ್ಟ. ಆಗ ಕೋಟೆ ಗುಡ್ಡದ ಮೇಲೆ ಹೇಗೆ ಕೂತಿದೆ, ಕಂದಕ ಎಲ್ಲಿ ಕಡಿದಿದ್ದಾರೆ, ಎಲ್ಲ ದೂರದಿಂದಲೇ ಗೊತ್ತಾಗುತ್ತದೆ. ಬೆಳಕಿನ ಲೆಕ್ಕ ಮಾತ್ರ ಮರೆಯಬೇಡಿ. ಜೂನ್‌ನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು.

ಕ್ಯಾಲೆಂಡರ್‌ನಲ್ಲಿ ಒಂದು ದಿನ ಗುರುತು ಹಾಕಿಕೊಳ್ಳಿ: ಸೆಪ್ಟೆಂಬರ್‌ನ ಎರಡನೇ ಭಾನುವಾರ. 1993ರಿಂದ ಅವತ್ತು ದೇಶದಾದ್ಯಂತ 'ತೆರೆದ ಸ್ಮಾರಕಗಳ ದಿನ' ನಡೆಯುತ್ತದೆ. ಉಳಿದ ದಿನ ಬೀಗ ಹಾಕಿರುವ ಗೋಪುರ, ಗಿರಣಿ, ಖಾಸಗಿ ಮನೆಗಳನ್ನೂ ಅವತ್ತು ತೆರೆದು ತೋರಿಸುತ್ತಾರೆ. ಊರಿನ ಇತಿಹಾಸ ಸಂಘದ ಹಿರಿಯರೇ ನಿಂತು ವಿವರಿಸುತ್ತಾರೆ. ನಿಮ್ಮ ಜರ್ಮನ್ ಅರೆಬರೆ ಇದ್ದರೂ ಹೋಗಿ. ಬೆರಳು ತೋರಿಸಿ ಕೇಳಿದರೆ ಸಾಕು, ಅವರು ಪ್ರೀತಿಯಿಂದ ನಿಧಾನಕ್ಕೆ ಹೇಳುತ್ತಾರೆ.

ಹೋಗಿ ಬರುವ ದಾರಿ

ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಅರ್ಧ ಚಿಂತೆ ಕಳೆಯಿತು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಈ ತಿಂಗಳ ಪಾಸ್ 2026ರ ಜನವರಿಯಿಂದ 63 ಯೂರೋ ಆಗಿದೆ. ದೇಶದ ಎಲ್ಲ ಪ್ರಾದೇಶಿಕ ರೈಲು, ಎಸ್-ಬಾನ್ ಅನ್ನುವ ನಗರದ ಲೋಕಲ್ ರೈಲು, ಟ್ರಾಮ್, ಸಿಟಿ ಬಸ್, ಹಳ್ಳಿ ಬಸ್ಸಿಗೆ ನಡೆಯುತ್ತದೆ. ದೂರ ಓಡುವ ವೇಗದ ಐಸಿಇ, ಐಸಿ ರೈಲಿಗೆ ನಡೆಯುವುದಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ರಾಜ್ಯದ ಒಂದು ದಿನದ ಟಿಕೆಟ್ ತೆಗೆಸಿ. ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್‌ನಲ್ಲಿ 5 ಜನರವರೆಗೆ ಒಟ್ಟಿಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ನಡೆಯುತ್ತದೆ, ಶನಿವಾರ ಭಾನುವಾರ ಆ ಕಟ್ಟು ಇಲ್ಲ.

ಕಷ್ಟ ಶುರುವಾಗುವುದು ಕೊನೆಯ ಬಸ್ಸಿನಲ್ಲಿ. ಹಳ್ಳಿ ಬಸ್ಸಿನ ವೇಳಾಪಟ್ಟಿಯಲ್ಲಿ ಗಂಟೆ ನಿಮಿಷಕ್ಕಿಂತ ಮುಖ್ಯ ಅದರ ಪಕ್ಕದ ಚಿಕ್ಕ ಅಕ್ಷರಗಳು. 'ಶಾಲೆ ಇರುವ ದಿನ ಮಾತ್ರ' ಅಂತ ಇರಬಹುದು. 'ಒಂದು ಗಂಟೆ ಮೊದಲು ಫೋನ್ ಮಾಡಿ ಕರೆಸಬೇಕು' ಅಂತ ಇರಬಹುದು, ಅದಕ್ಕೆ ರೂಫ್‌ಬಸ್ ಅನ್ನುತ್ತಾರೆ. ಒಮ್ಮೆ ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸಂಜೆ ಐದೂವರೆಯ ಬಸ್ಸಿಗೆ ಕಾದು ಕೂತೆವು. ಬಸ್ ಬರಲಿಲ್ಲ. ಆಮೇಲೆ ನೋಡಿದರೆ ಅದು ಕರೆಸಬೇಕಾದ ಬಸ್. ರೈಲು ನಿಲ್ದಾಣಕ್ಕೆ 6 ಕಿಲೋಮೀಟರ್. ಫೋನಿನ ಟಾರ್ಚ್ ಹಿಡಿದು ಮೂವರೂ ಹೊಲದ ಅಂಚಿನಲ್ಲಿ ನಡೆದೆವು. "ಮುಂದಿನ ಸಲ ವಾಪಸ್ ಬಸ್ ಮೊದಲು ನೋಡಪ್ಪ, ಕೋಟೆ ಆಮೇಲೆ" ಅಂದರು ಅಮ್ಮ. ಅವತ್ತಿನಿಂದ ನಾನು ಮೊದಲು ವಾಪಸ್ ಬರುವ ದಾರಿ ಬರೆದಿಟ್ಟುಕೊಂಡೇ ಹೊರಡುವುದು. ನೀವೂ ಹಾಗೇ ಮಾಡಿ. ಆದಷ್ಟು ರೈಲು ನಿಲ್ದಾಣದಿಂದ ನೇರ ನಡೆದು ಹೋಗುವ ಕೋಟೆಯನ್ನೇ ಆರಿಸಿ.

ಹಬ್ಬದ ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ ಅನ್ನುವುದೂ ಗಮನದಲ್ಲಿರಲಿ. ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಫ್ರೋನ್‌ಲೈಖ್‌ನಾಮ್ ಹಬ್ಬಕ್ಕೆ ರಜೆ, ಬರ್ಲಿನ್‌ನಲ್ಲಿ ಇಲ್ಲ. ರಜೆ ದಿನ ಬಸ್ ಓಡುವುದು ಭಾನುವಾರದ ಪಟ್ಟಿಯಂತೆ.

ಚೀಲದಲ್ಲಿ ಏನಿರಲಿ

ಹಿಡಿತ ಇರುವ ಶೂ. ಮಳೆ ಜಾಕೆಟ್. ನೀರು. ಒಂದು ಸಣ್ಣ ಟಾರ್ಚ್, ಏಕೆಂದರೆ ನೆಲಮಾಳಿಗೆಯಲ್ಲಿ ಫೋನಿನ ಬೆಳಕು ಸಾಲದು. ಕೈಯಲ್ಲಿ ಒಂದಿಷ್ಟು ನಗದು, ಚಿಲ್ಲರೆ ಸಮೇತ. ಗುಡ್ಡದ ಮೇಲಿನ ಅಂಗಡಿಗಳಲ್ಲಿ ಇವತ್ತಿಗೂ ಕಾರ್ಡ್ ನಡೆಯದ ಕಡೆಗಳಿವೆ. ಪಾಳು ಕೋಟೆಯಲ್ಲಿ ಶೌಚಾಲಯ ಇರುತ್ತದೆ ಅಂತ ನಂಬಬೇಡಿ. ಕೆಳಗೆ ಊರಲ್ಲೇ ಮುಗಿಸಿಕೊಂಡು ಹತ್ತಿ.

ಬುತ್ತಿ ಕಟ್ಟಿಕೊಂಡು ಹೋಗಿ. ಭಾನುವಾರ ಹಳ್ಳಿಯಲ್ಲಿ ಅಂಗಡಿ ತೆರೆದಿರುವುದಿಲ್ಲ. ಹೋಟೆಲುಗಳಲ್ಲೂ ಮಧ್ಯಾಹ್ನ 2ರಿಂದ ಸಂಜೆ 5ರವರೆಗೆ ಎಷ್ಟೋ ಕಡೆ ಅಡುಗೆಮನೆ ಬಂದ್. ಚಿತ್ರಾನ್ನವೋ ಚಪಾತಿ ಪಲ್ಯವೋ ಇದ್ದರೆ ಬುರುಜಿನ ಕಲ್ಲಿನ ಮೇಲೆ ಕೂತು ತಿನ್ನಬಹುದು. ಸಸ್ಯಾಹಾರಿಗಳು ನಮ್ಮ ಈ ಕಡೆಯ ಶ್ವಾಬ್ ನಾಡಿನಲ್ಲಿ ಕೇಸ್‌ಷ್ಪೆಟ್ಸ್‌ಲೆ ಕೇಳಿ. ಚೀಸ್ ಹಾಕಿದ ಹಿಟ್ಟಿನ ತುಣುಕುಗಳು, ಮೇಲೆ ಹುರಿದ ಈರುಳ್ಳಿ. ಬೇಳೆ ಜೊತೆ ಕೊಡುವ ಲಿನ್ಸೆನ್ ಮಿಟ್ ಷ್ಪೆಟ್ಸ್‌ಲೆ ನಮ್ಮ ನಾಲಿಗೆಗೆ ಹತ್ತಿರ. ಆದರೆ ಸಾಸೇಜ್ ಜೊತೆಗೇ ಬರುತ್ತದೆ, ಬೇಳೆಯೊಳಗೂ ಹಂದಿ ಮಾಂಸದ ಚೂರು ಹಾಕಿ ಬೇಯಿಸಿರಬಹುದು. ಕೇಳಿಯೇ ತೆಗೆದುಕೊಳ್ಳಿ.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಉಣ್ಣೆ ಹುಳ. ಮಲೆನಾಡಿನವರಿಗೆ ಇದು ಹೊಸದಲ್ಲ. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಮಂಗನ ಕಾಯಿಲೆ ತರುವುದೂ ಉಣ್ಣೆಯೇ. ಇಲ್ಲಿನ ಉಣ್ಣೆ ಹರಡುವ ಎಫ್‌ಎಸ್‌ಎಂಇ ಅನ್ನುವ ಮಿದುಳಿನ ಉರಿಯೂತದ ವೈರಸ್ ಮಂಗನ ಕಾಯಿಲೆಯ ವೈರಸ್‌ಗೆ ದಾಯಾದಿ. ದಕ್ಷಿಣ ಜರ್ಮನಿಯ ಬಹುಪಾಲು ಅಪಾಯದ ಪ್ರದೇಶ. ಎಫ್‌ಎಸ್‌ಎಂಇಗೆ ಲಸಿಕೆ ಇದೆ, ಮನೆ ಡಾಕ್ಟರ್ ಹತ್ತಿರ ಕೇಳಿ. ಬೊರೆಲಿಯೋಸಿಸ್ ಅನ್ನುವ ಇನ್ನೊಂದು ಕಾಯಿಲೆಗೆ ಇಲ್ಲಿ ಲಸಿಕೆ ಸಿಗುವುದಿಲ್ಲ. ಹಾಗಾಗಿ ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ತಕ್ಷಣ ಮಂಡಿ ಹಿಂದೆ, ಸೊಂಟ, ಕಂಕುಳು, ಮಕ್ಕಳಿಗೆ ಕೂದಲಿನ ಅಂಚು, ಎಲ್ಲ ನೋಡಿ. ಕಚ್ಚಿದ್ದರೆ ಉಣ್ಣೆ ಕೀಳುವ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ಮೆಲ್ಲಗೆ ಎಳೆದು ತೆಗೆಯಿರಿ. ಎಣ್ಣೆ ಗಿಣ್ಣೆ ಹಚ್ಚಬೇಡಿ. ಆ ಜಾಗದಲ್ಲಿ ಕೆಂಪು ಉಂಗುರ ಹರಡಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಒಂದು ದಿನ ಹೀಗೆ: ಹೋಹೆನ್‌ಉರಾಖ್

ಮೊದಲ ಸಲ ಹೋಗುವವರಿಗೆ ನಾನು ಯಾವಾಗಲೂ ಹೇಳುವ ಕೋಟೆ ಇದು. ಮೆಟ್ಸಿಂಗೆನ್‌ನಲ್ಲಿ ರೈಲು ಬದಲಿಸಿ ಬಾಡ್ ಉರಾಖ್ ಕಡೆಯ ರೈಲು ಹಿಡಿಯಿರಿ. ಊರಿಗಿಂತ ಮೊದಲು 'ಬಾಡ್ ಉರಾಖ್ ವಾಸರ್‌ಫಾಲ್' ಅನ್ನುವ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ತೊರೆ ಪಕ್ಕ ಸಮತಟ್ಟು ದಾರಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಜಲಪಾತ ಸಿಗುತ್ತದೆ, 37 ಮೀಟರ್ ನೇರ ಬೀಳುವ ನೀರು. ನೀರಿನಲ್ಲಿರುವ ಸುಣ್ಣ ಪಾಚಿಯ ಮೇಲೆ ಕಟ್ಟಿಕೊಂಡು ತೂತು ತೂತಿನ ಕಲ್ಲಾಗುತ್ತದೆ. ಈ ಭಾಗದ ಎಷ್ಟೋ ಹಳೆಯ ಕಟ್ಟಡಗಳಿಗೆ ಇಂಥ ಕಲ್ಲನ್ನೇ ಕೊಯ್ದು ಬಳಸಿದ್ದಾರೆ. ಹಸಿಯಿದ್ದಾಗ ಸುಲಭವಾಗಿ ಕೊಯ್ಯಬಹುದು, ಒಣಗಿದ ಮೇಲೆ ಗಟ್ಟಿ. ಜಲಪಾತ ನೋಡಿದ್ದು ಇಲ್ಲಿ ಕೋಟೆಗೆ ಹೊರತಾದ ಕೆಲಸ ಅಲ್ಲ, ಗೋಡೆಯ ಕಲ್ಲು ಹುಟ್ಟುವುದನ್ನು ನೋಡಿದ ಹಾಗೆ.

ಜಲಪಾತದ ಪಕ್ಕದ ಮೆಟ್ಟಿಲು ಹತ್ತಿ, ಕಾಡಿನ ದಾರಿಯಲ್ಲಿ ಹೋಹೆನ್‌ಉರಾಖ್ ಕಡೆ ತಿರುಗಿ. ಇಲ್ಲಿನ ಕಾಲುದಾರಿಗಳಿಗೆಲ್ಲ 1888ರಲ್ಲಿ ಶುರುವಾದ ಶ್ವೇಬಿಷರ್ ಆಲ್ಬ್‌ಫೆರೈನ್ ಅನ್ನುವ ಚಾರಣ ಸಂಘ ಗುರುತು ಹಾಕಿದೆ. ಮರದ ಮೇಲೆ ಕೆಂಪು, ನೀಲಿ, ಹಳದಿ ಚಿಹ್ನೆಗಳು ಕಾಣುತ್ತವೆ. ಫೋನ್ ಸಿಗ್ನಲ್ ಹೋದರೂ ಅವು ಇರುತ್ತವೆ. ಒಂದು ಕವಲು ದಾಟಿದ ಮೇಲೆ ಐದು ನಿಮಿಷ ಗುರುತು ಕಾಣಲಿಲ್ಲ ಅಂದರೆ ಹಿಂದಿರುಗಿ ಕವಲಿಗೇ ಬನ್ನಿ, ಮುಂದೆ ಹೋಗುತ್ತಾ ಹುಡುಕಬೇಡಿ.

ಕೋಟೆ ಇರುವುದು ಸುಮಾರು 690 ಮೀಟರ್ ಎತ್ತರದಲ್ಲಿ. ಕಮಾನಿನ ದಾರಿ ದಾಟಿ ಒಳಗೆ ಹೋದರೆ ಒಂದರ ಮೇಲೊಂದು ಅಂಗಳ, ಬಾಯಿ ತೆರೆದ ಕಿಟಕಿಗಳು, ಆಚೆ ಕಣಿವೆ. ಟ್ಯೂಬಿಂಗೆನ್‌ನಲ್ಲಿ ಪ್ರೊಫೆಸರ್ ಆಗಿದ್ದ ಕವಿ ನಿಕೋಡೆಮುಸ್ ಫ್ರಿಷ್ಲಿನ್‌ನನ್ನು ಇಲ್ಲಿ ಸೆರೆ ಇಟ್ಟಿದ್ದರು. 1590ರ ನವೆಂಬರ್‌ನಲ್ಲಿ ಅವನು ಹಗ್ಗ ಕಟ್ಟಿ ಕೆಳಗಿಳಿದು ತಪ್ಪಿಸಿಕೊಳ್ಳಲು ಹೋದ. ಹಗ್ಗ ಹರಿದು ಬಂಡೆಗಳ ಮೇಲೆ ಬಿದ್ದು ಸತ್ತ. ಗೋಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಆ ಕಥೆ ಬೇರೆಯೇ ಆಗಿ ಕೇಳುತ್ತದೆ.

ಈ ಕೋಟೆಯನ್ನು ಶತ್ರುಗಳು ಕೆಡವಲಿಲ್ಲ. 1760ರ ದಶಕದಲ್ಲಿ ಇಲ್ಲಿನ ಡ್ಯೂಕ್ ಕಾರ್ಲ್ ಓಯ್‌ಗೆನ್ ಬೇಡವೆಂದು ಬಿಚ್ಚಿಸಿದ. ಕಲ್ಲುಗಳು ಗ್ರಾಫೆನೆಕ್ ಅನ್ನುವ ಬೇಟೆ ಅರಮನೆಯ ಕೆಲಸಕ್ಕೆ ಹೋದವು. ಅದೇ ಗ್ರಾಫೆನೆಕ್‌ನಲ್ಲಿ 1940ರಲ್ಲಿ ನಾಜಿಗಳು 10,000ಕ್ಕೂ ಹೆಚ್ಚು ಅಂಗವಿಕಲರನ್ನೂ ಮನೋರೋಗಿಗಳನ್ನೂ ವಿಷಾನಿಲ ಬಿಟ್ಟು ಕೊಂದರು. ಈಗ ಅಲ್ಲಿ ಸ್ಮಾರಕವಿದೆ. ಇನ್ನೊಂದು ದಿನ ಬೇರೆಯಾಗಿ ಹೋಗಿ ಬನ್ನಿ, ಪ್ರವಾಸದ ಜೊತೆ ಸೇರಿಸಬೇಡಿ.

ಕೋಟೆಯಿಂದ ಇಳಿಯುವುದು ಬಾಡ್ ಉರಾಖ್ ಊರಿನ ಕಡೆಗೆ. ಮಾರುಕಟ್ಟೆ ಚೌಕದ ಸುತ್ತ ಮರದ ಚೌಕಟ್ಟಿನ ಮನೆಗಳು. ಹತ್ತಿರದಲ್ಲೇ ಅರಮನೆ. 1477ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಟ್ಟಿದ ಇಲ್ಲಿನ ದೊರೆ ಎಬರ್‌ಹಾರ್ಡ್ ಹುಟ್ಟಿದ್ದು ಈ ಊರಲ್ಲಿ, 1445ರಲ್ಲಿ. ಕಾಫಿ ಕುಡಿದು ಊರಿನ ನಿಲ್ದಾಣದಿಂದ ರೈಲು ಹತ್ತಿ. ಮಕ್ಕಳು, ಹಿರಿಯರು ಇದ್ದರೂ ನಡಿಗೆ ಮತ್ತು ಕೋಟೆ ಸೇರಿ ನಾಲ್ಕೈದು ಗಂಟೆ ಸಾಕು. ಅದೇ ದಿನ ಹೋಹೆನ್‌ನೋಯ್ಫೆನ್ ಕೂಡ ನೋಡೋಣ ಅಂತ ಅನ್ನಿಸುತ್ತದೆ, ಹತ್ತಿರವೇ ಇದೆ. ಬೇಡ. ದಿನಕ್ಕೆ ಒಂದೇ ಕೋಟೆ. ಎರಡನೆಯದಕ್ಕೆ ಓಡಿದರೆ ಮೊದಲನೆಯದರ ಗೋಡೆಯನ್ನು ನೋಡಿರುವುದಿಲ್ಲ.

ಗೋಡೆಯನ್ನು ಓದುವುದು

ಒಳಗೆ ಕಾಲಿಟ್ಟ ತಕ್ಷಣ ಫೋಟೋ ತೆಗೆಯಬೇಡಿ. ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಶತ್ರು ಎಲ್ಲಿಂದ ಬರಬಹುದಿತ್ತು ಅಂತ ಯೋಚಿಸಿ. ಗುಡ್ಡದ ಚಾಚು ತುದಿಯಲ್ಲಿ ಕಟ್ಟಿದ ಕೋಟೆಗೆ ಮೂರು ಕಡೆ ಕಡಿದಾದ ಇಳಿಜಾರು, ಒಂದು ಕಡೆ ಮಾತ್ರ ಬೆಟ್ಟಕ್ಕೆ ಸೇರಿಕೊಂಡ ಕತ್ತು. ಆ ಕತ್ತಿಗೆ ಅಡ್ಡಲಾಗಿ ಬಂಡೆ ಕಡಿದು ಕಂದಕ ಮಾಡಿರುತ್ತಾರೆ, ಅದರ ಹೆಸರೇ ಹಾಲ್ಸ್‌ಗ್ರಾಬೆನ್, ಕತ್ತಿನ ಕಂದಕ. ಅತಿ ದಪ್ಪ ಗೋಡೆಯೂ ಅದೇ ಕಡೆ ಇರುತ್ತದೆ.

ಆಮೇಲೆ ಎತ್ತರದ ಗೋಪುರ, ಬೆರ್ಗ್‌ಫ್ರೀಡ್. ಅದರ ಮೂಲ ಬಾಗಿಲು ನೆಲದಲ್ಲಿ ಇರುವುದಿಲ್ಲ. ತಲೆ ಎತ್ತಿ ಹುಡುಕಿ: ಎಷ್ಟೋ ಮೀಟರ್ ಮೇಲೆ ಒಂದು ಒಂಟಿ ಬಾಗಿಲು ಗಾಳಿಯಲ್ಲಿ ತೆರೆದುಕೊಂಡಿರುತ್ತದೆ. ಏಣಿ ಅಥವಾ ಮರದ ಸೇತುವೆ ಹಾಕಿ ಹೋಗುತ್ತಿದ್ದರು, ಅಪಾಯ ಬಂದರೆ ಅದನ್ನು ತೆಗೆದುಬಿಡಬಹುದಿತ್ತು. ಕೆಳಗಿರುವ ಬಾಗಿಲು ಸಾಮಾನ್ಯವಾಗಿ ನಂತರ ಒಡೆದು ಮಾಡಿದ್ದು. ಜಿನ್ಸ್‌ಹೈಮ್ ಹತ್ತಿರದ ಸ್ಟೈನ್ಸ್‌ಬೆರ್ಗ್ ಕೋಟೆಯ ಎಂಟು ಮೂಲೆಯ ಗೋಪುರದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಆ ಗೋಪುರದ ಹತ್ತಿರ ಹೋಗಿ ಕಲ್ಲು ಮುಟ್ಟಿ ನೋಡಿ. ಅಂಚನ್ನು ಎರಡು ಬೆರಳಗಲ ನುಣ್ಣಗೆ ಕೆತ್ತಿ, ನಡುವಿನ ಭಾಗವನ್ನು ಉಬ್ಬಾಗಿ ಒರಟಾಗಿ ಬಿಟ್ಟಿದ್ದಾರೆ. ಇದು ಬುಕೆಲ್‌ಕ್ವಾಡರ್, 12 ಮತ್ತು 13ನೇ ಶತಮಾನದಲ್ಲಿ ಹೋಹೆನ್‌ಸ್ಟಾಫೆನ್ ದೊರೆಗಳ ಕಾಲದಲ್ಲಿ ಮೆಚ್ಚಿನ ಕಟ್ಟಡದ ರೀತಿ. ಹೀಗೆ ಉಬ್ಬಿದ ಕಲ್ಲಿನ ಮೇಲೆ ಕೆಲವು ಕೋಟೆಗಳಲ್ಲಿ ಒಂದೊಂದು ಸಣ್ಣ ಕುಳಿ ಇರುತ್ತದೆ, ಹೆಬ್ಬೆರಳು ಹೋಗುವಷ್ಟು. ನಾನು ಎಷ್ಟೋ ದಿನ ಅದನ್ನು ಗುಂಡಿನ ಗುರುತು ಅಂದುಕೊಂಡಿದ್ದೆ. ಒಂದು ಸೆಪ್ಟೆಂಬರ್ ಭಾನುವಾರ ಊರಿನ ಹಿರಿಯರೊಬ್ಬರು ತಮ್ಮ ಎರಡು ಕೈಗಳನ್ನು ಇಕ್ಕಳದ ಹಾಗೆ ಮಾಡಿ, ಬೆರಳ ತುದಿಗಳನ್ನು ಗಾಳಿಯಲ್ಲಿ ಒಂದು ಕಲ್ಲಿನ ಎರಡು ಬದಿಗೆ ಒತ್ತಿ, ಮೇಲೆತ್ತಿ ತೋರಿಸಿದರು. ಕಲ್ಲು ಎತ್ತುವ ಕಬ್ಬಿಣದ ಇಕ್ಕಳ ಜಾರದಿರಲಿ ಅಂತ ಹೊಡೆದ ಕುಳಿ ಅದು. ಮುಂದೆ ಒಂದು, ಹಿಂದೆ ಒಂದು. ಹಿಂದಿನದು ಗೋಡೆಯೊಳಗೆ ಮುಚ್ಚಿಹೋಗಿದೆ. ಅವರು ಹೋದ ಮೇಲೆ ನಾನು ಆ ಕುಳಿಯಲ್ಲಿ ಬೆರಳಿಟ್ಟು ನಿಂತೆ. ತಣ್ಣಗಿತ್ತು, ಒಳಗೆ ಒಂದು ಹನಿ ಮಳೆ ನೀರು. ಕೆಳಗಿನಿಂದ ತುದಿವರೆಗೆ ಸಾಲು ಸಾಲು ಕುಳಿಗಳು. ಪ್ರತಿಯೊಂದನ್ನೂ ಒಬ್ಬ ಕಲ್ಲುಕುಟಿಗ ಉಳಿ ಹಿಡಿದು ಹೊಡೆದದ್ದು.

ವಾಸದ ಕಟ್ಟಡದಲ್ಲಿ ಗೋಡೆ ಮಾತ್ರ ಉಳಿದು ನೆಲ, ಚಾವಣಿ ಬಿದ್ದಿದ್ದರೆ ಗೋಡೆಯಲ್ಲಿ ಸಾಲಾಗಿ ಚೌಕದ ತೂತುಗಳನ್ನು ನೋಡಿ. ಅವು ತೊಲೆ ಕೂರಿಸಿದ ಜಾಗಗಳು. ಒಂದು ಸಾಲು ಅಂದರೆ ಒಂದು ಅಂತಸ್ತು. ಆಕಾಶಕ್ಕೆ ನೇತುಬಿದ್ದ ಹಾಗೆ ಕಾಣುವ ಒಲೆಗೂಡು ಸಿಕ್ಕಿತಾ? ಅಲ್ಲಿ ಬೆಚ್ಚಗಿನ ಕೋಣೆ ಇತ್ತು. ಕೋಟೆಯಲ್ಲಿ ಎಲ್ಲ ಕೋಣೆಗೂ ಬೆಂಕಿ ಇರುತ್ತಿರಲಿಲ್ಲ. ಗೋಡೆಯಿಂದ ಹೊರಗೆ ಚಾಚಿದ ಎರಡು ಕಲ್ಲು, ನಡುವೆ ಬಯಲು ಇದ್ದರೆ ಅದು ಶೌಚದ ಜಾಗ.

ಕಿಂಡಿಗಳು ವಯಸ್ಸು ಹೇಳುತ್ತವೆ. ಉದ್ದನೆಯ ಸಣ್ಣ ಸೀಳು ಬಿಲ್ಲುಗಾರರಿಗೆ. ಸೀಳಿನ ಕೆಳಗೆ ದುಂಡು ತೂತು ಸೇರಿ ಬೀಗದ ಕಿಂಡಿಯ ಹಾಗಿದ್ದರೆ ಅದು ಕೋವಿ ಕಾಲದ್ದು, 15ನೇ ಶತಮಾನದ ಕಡೆಯದು. ಅಡ್ಡಲಾಗಿ ಬಾಯಿ ಅಗಲಿಸಿದ ಹಾಗಿದ್ದರೆ ಇನ್ನೂ ಆಮೇಲಿನದು. ಒಂದೇ ಗೋಡೆಯಲ್ಲಿ ಮೂರೂ ಸಿಕ್ಕಿದರೆ ಇನ್ನೂರು ಮುನ್ನೂರು ವರ್ಷ ಜನ ಅದನ್ನು ರಿಪೇರಿ ಮಾಡುತ್ತಾ ಬಂದಿದ್ದಾರೆ ಅಂತ ಗೊತ್ತಾಗುತ್ತದೆ.

ಕೊನೆಗೆ, ಹೇಗೆ ಹಾಳಾಯಿತು ಅಂತ ಕೇಳಿ. ದಕ್ಷಿಣದಲ್ಲಿ 1525ರ ರೈತ ದಂಗೆ, ಆಮೇಲೆ 1618ರಿಂದ 1648ರ ಮೂವತ್ತು ವರ್ಷದ ಯುದ್ಧ, 1689ರ ಹೊತ್ತಿನ ಫ್ರೆಂಚ್ ಸೇನೆ, ಈ ಮೂರು ಉತ್ತರ ಮತ್ತೆ ಮತ್ತೆ ಬರುತ್ತವೆ. ನಾಲ್ಕನೆಯ ಉತ್ತರ ಅಷ್ಟು ಸದ್ದು ಮಾಡುವುದಿಲ್ಲ: ಕಲ್ಲು ಬೇಕಿತ್ತು, ತೆಗೆದುಕೊಂಡು ಹೋದರು. ಗ್ಯೋಪಿಂಗೆನ್ ಹತ್ತಿರದ ಹೋಹೆನ್‌ಸ್ಟಾಫೆನ್ ಗುಡ್ಡದ ಮೇಲೆ ಬಾರ್ಬರೋಸಾ ಚಕ್ರವರ್ತಿಯ ಮನೆತನದ ಕೋಟೆ ಇತ್ತು. 1525ರಲ್ಲಿ ರೈತರು ಸುಟ್ಟರು. ಉಳಿದ ಕಲ್ಲು ಕೆಳಗೆ ಗ್ಯೋಪಿಂಗೆನ್ ಅರಮನೆ ಕಟ್ಟಲು ಹೋಯಿತು. ಇವತ್ತು ಮೇಲೆ ಹೋದರೆ ಮೊಣಕಾಲೆತ್ತರದ ಗೋಡೆಗಳು, ಸುತ್ತ ನಾಲ್ಕೂ ದಿಕ್ಕಿಗೆ ನೋಟ.

ಬೋರ್ಡುಗಳು

'ಆಉಫ್ ಐಗೆನೆ ಗೆಫಾರ್' ಅಂದರೆ ನಿಮ್ಮ ಜವಾಬ್ದಾರಿಯ ಮೇಲೆ ಹೋಗಿ. 'ಐನ್‌ಶ್ಟುರ್ಟ್ಸ್‌ಗೆಫಾರ್' ಅಂದರೆ ಕುಸಿಯಬಹುದು. 'ಲೇಬೆನ್ಸ್‌ಗೆಫಾರ್' ಅಂದರೆ ಜೀವಕ್ಕೇ ಅಪಾಯ. 'ಬೆಟ್ರೇಟೆನ್ ಫೆರ್‌ಬೋಟೆನ್' ಅಂದರೆ ಒಳಗೆ ಹೋಗಲೇಬಾರದು. ಇವನ್ನು ಸುಮ್ನೆ ಹಾಕಿರುವುದಿಲ್ಲ. ಗೋಡೆಯ ಮೇಲೆ ಹತ್ತಬೇಡಿ, ಅದರ ಅಂಚಿಗೆ ಕಟಾಂಜನ ಇಲ್ಲದ ಕಡೆಗಳೇ ಹೆಚ್ಚು. ಕಲ್ಲು, ಹೆಂಚಿನ ಚೂರು ಯಾವುದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಅನುಮತಿ ಇಲ್ಲದೆ ಲೋಹ ಹುಡುಕುವ ಯಂತ್ರ ಹಿಡಿದು ಹುಡುಕುವುದು ಕಾನೂನಿಗೆ ವಿರುದ್ಧ. ಡ್ರೋನ್ ಹಾರಿಸುವ ಮುನ್ನ ಕೇಳಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ.

ಕೆಳಗಿನ ಪೇಟೆ

ಮರದ ಚೌಕಟ್ಟಿನ ಮನೆಗೆ ಫಾಖ್‌ವೆರ್ಕ್ ಅನ್ನುತ್ತಾರೆ. ಭಾರ ಹೊರುವುದು ಮರ. ನಡುವಿನ ಜಾಗಕ್ಕೆ ಬಡಿಗೆ ಹೆಣೆದು ಹುಲ್ಲು ಕಲಸಿದ ಮಣ್ಣು ಮೆತ್ತಿರುತ್ತಾರೆ, ಇಲ್ಲವೇ ಕಲ್ಲು ತುಂಬಿರುತ್ತಾರೆ. ಕಂಬದ ಎರಡೂ ಬದಿಗೆ ಓರೆ ಮರಗಳು ಸೇರಿ, ಕೈಕಾಲು ಚಾಚಿ ನಿಂತ ಮನುಷ್ಯನ ಹಾಗೆ ಕಂಡರೆ ಅದಕ್ಕೆ 'ಕಾಡು ಮನುಷ್ಯ' ಅಂತಲೇ ಹೆಸರು. ಮಕ್ಕಳಿಗೆ ಎಣಿಸಲು ಹೇಳಿ, ಬೀದಿ ಮುಗಿಯುವವರೆಗೂ ಬೇಸರ ಇಲ್ಲ. ಬಾಗಿಲ ಮೇಲೆ ಅಥವಾ ಮೂಲೆ ಕಂಬದ ಮೇಲೆ ವರ್ಷ ಕೆತ್ತಿರುತ್ತಾರೆ, ಹುಡುಕಿ. ಈ ಮನೆಗಳಲ್ಲಿ ಜನ ವಾಸವಿದ್ದಾರೆ. ಕಿಟಕಿಯೊಳಗೆ ಇಣುಕಬೇಡಿ.

ರೈನ್‌ಗೆ ಹೋಗುವುದಾದರೆ

ಎರಡು ದಿನ ಇದ್ದರೆ ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗಿನ 65 ಕಿಲೋಮೀಟರ್. 2002ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನದಿಯ ಎರಡೂ ದಡದಲ್ಲಿ ರೈಲು ಇದೆ, ನಡುವೆ ಸೇತುವೆ ಇಲ್ಲ. ಆಚೆ ದಡಕ್ಕೆ ದೋಣಿಯಲ್ಲೇ ದಾಟಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಸಾಂಕ್ಟ್ ಗೋವಾರ್ ಊರಿನ ಮೇಲಿನ ರೈನ್‌ಫೆಲ್ಸ್ 1245ರಲ್ಲಿ ಶುರುವಾದ ಕೋಟೆ. 1796-97ರಲ್ಲಿ ಫ್ರೆಂಚರು ಸಿಡಿಸಿದರು. ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್ ಈ ಭಾಗದ ಗುಡ್ಡದ ಕೋಟೆಗಳಲ್ಲಿ ಎಂದೂ ನಾಶವಾಗದೆ ಉಳಿದ ಒಂದೇ ಒಂದು. ಒಂದು ದಿನ ಪಾಳು, ಮರುದಿನ ಇಡಿಯಾದದ್ದು ನೋಡಿದರೆ ಬಿದ್ದದ್ದು ಏನು ಅಂತ ಅರ್ಥವಾಗುತ್ತದೆ.

ರಾತ್ರಿ ಬಾಖರಾಖ್ ಊರಿನ ಸ್ಟಾಲೆಕ್ ಕೋಟೆಯಲ್ಲಿ ಮಲಗಬಹುದು, ಈಗ ಅದು ಯೂತ್ ಹಾಸ್ಟೆಲ್. ಮುಂಚೆಯೇ ಬುಕ್ ಮಾಡಿ. ಹತ್ತುವ ದಾರಿಯಲ್ಲಿ ಕೆಂಪು ಕಲ್ಲಿನ, ಚಾವಣಿ ಇಲ್ಲದ ವೆರ್ನರ್ ಚಾಪೆಲ್ ಸಿಗುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಾರೆ. 1287ರಲ್ಲಿ ವೆರ್ನರ್ ಅನ್ನುವ ಒಬ್ಬ ಹುಡುಗನ ಸಾವನ್ನು ಯಹೂದಿಗಳ ತಲೆಗೆ ಕಟ್ಟಿ ಈ ಕಣಿವೆಯಲ್ಲಿ ಅವರ ಕೊಲೆ ನಡೆಸಿದರು. ಆ ಸುಳ್ಳಿನ ಮೇಲೆ ಎದ್ದ ಗುಡಿ ಇದು. ಅಲ್ಲಿರುವ ಫಲಕವನ್ನು ಓದಿ, ಆಮೇಲೆ ಕ್ಯಾಮೆರಾ ತೆಗೆಯಿರಿ.

ನಮ್ಮ ಕನ್ನಡದ ಎಳೆ

ಸ್ಟುಟ್‌ಗಾರ್ಟ್ ಸುತ್ತ ಇರುವ ಕನ್ನಡಿಗರಿಗೆ ನನ್ನದೊಂದು ಆಸೆಯ ದಾರಿ ಇದೆ. ಮೊದಲ ದಿನ ಮ್ಯೂಲಾಕರ್‌ನಿಂದ ಬಸ್ ಹಿಡಿದು ಮೌಲ್‌ಬ್ರೋನ್ ಮಠ. 1147ರಲ್ಲಿ ಶುರುವಾಯಿತು, 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಆಮೇಲೆ ಶಾಲೆಯಾದ ಈ ಮಠದಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಓದಿದ. ತಲಶ್ಶೇರಿಗೆ ಹೋಗಿ ಮಲಯಾಳಂ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟ್ ಓದಿದ್ದೂ ಇಲ್ಲೇ.

ಇನ್ನೊಂದು ದಿನ ಬ್ರಾಕೆನ್‌ಹೈಮ್, ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಊರು. 1811ರಲ್ಲಿ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು ಅವರೇ. ಮೂರನೇ ದಿನ ಅವರು ಓದಿದ ಟ್ಯೂಬಿಂಗೆನ್. 1894ರಲ್ಲಿ ನಮ್ಮ ನಿಘಂಟು ಮುಗಿಸಿದ ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಆ ಊರಲ್ಲೇ. ಕೊನೆಗೆ ಎಸ್ಲಿಂಗೆನ್, ಸ್ಟುಟ್‌ಗಾರ್ಟ್‌ನಿಂದ ಎಸ್-ಬಾನ್‌ನಲ್ಲಿ ಹತ್ತಿರ. ಗುಡ್ಡದ ಮೇಲಿರುವುದನ್ನು ಜನ ಬುರ್ಗ್ ಅನ್ನುತ್ತಾರೆ, ಅದು ನಿಜಕ್ಕೂ ಊರಿನ ಕೋಟೆಗೋಡೆಯ ಭಾಗ. ದ್ರಾಕ್ಷಿ ತೋಟದ ಪಕ್ಕ ಗೋಡೆಯೊಳಗೇ ಮೆಟ್ಟಿಲು. ಕೆಳಗೆ ಹಾಫೆನ್‌ಮಾರ್ಕ್ಟ್‌ನಲ್ಲಿ 1331ರ ಕಾಲದ ಮರದ ಚೌಕಟ್ಟಿನ ಮನೆಗಳ ಸಾಲು ಈಗಲೂ ನಿಂತಿದೆ. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಲ್ಲಿ. ನಾವು ಹೋದಾಗ ಅಪ್ಪ ಆ ಮೆಟ್ಟಿಲ ಮೇಲೆ ಕೂತು, ಊರಿನ ಹೆಂಚಿನ ಮಾಡುಗಳನ್ನು ನೋಡುತ್ತಾ, "ಇಲ್ಲಿಂದ ಮಂಗಳೂರಿಗೆ ಹಡಗಲ್ಲಿ ಎಷ್ಟು ದಿನ ಆಗ್ತಿತ್ತೋ" ಅಂದರು. ಮೆಟ್ಟಿಲುಗಳು ಸುಮಾರು ಮುನ್ನೂರು ಇವೆ, ಮೇಲೆ ಚಾವಣಿ ಇದೆ, ಮಳೆ ಬಂದರೂ ಹತ್ತಬಹುದು. ಹಿರಿಯರಿದ್ದರೆ ನಡುನಡುವೆ ಕೂರಿಸಿ.